ಕಣ್ಣಂಚಿನ ತೆರೆ

ಪುರಾಣಪುರುಷರ ಚರಿತ್ರೆಗಳಲ್ಲಿ ಮುಪ್ಪು ಮೊದಲು ಕಾಣಿಸಿಕೊಳ್ಳುವುದು ತಲೆಯಲ್ಲಿ. ಮಹಾಪುರಾಣದ ಭರತ ಚಕ್ರವರ್ತಿಯು ಕನ್ನಡಿಯಲ್ಲಿ ಒಂದು ನರೆಗೂದಲನ್ನು ಕಂಡು ದೀಕ್ಷೆಗೆ ಮನಸ್ಸು ಮಾಡುತ್ತಾನೆ. ಶ್ವೇತಾಂಬರ ಪರಂಪರೆಯ ಕಥೆಯಲ್ಲಿ ಅದೇ ಭರತನು ಕನ್ನಡಿಯ ಮಂದಿರದಲ್ಲಿ ನಿಂತಿರುವಾಗ ಉಂಗುರ ಕಳಚಿ ಬೀಳುತ್ತದೆ; ಬೋಳಾದ ಬೆರಳನ್ನು ಕಂಡು ಅವನಿಗೆ ಅರಿವು ಮೂಡುತ್ತದೆ. ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿಯೂ ಯಶೌಘ ರಾಜನು ನರೆಯನ್ನು ಕಂಡು ಮಗನಿಗೆ ರಾಜ್ಯವನ್ನೊಪ್ಪಿಸಿ ತಪಸ್ಸಿಗೆ ತೆರಳುತ್ತಾನೆ. ನರೆಯೆಂಬುದು ಈ ಕಥೆಗಳಲ್ಲಿ ದೂತ. ಅವನನ್ನು ಅರಸರು ಮನ್ನಿಸಿ ಒಳಗೆ ಕರೆದರು.

ಇಂದಿನ ಮನೆಗಳಲ್ಲಿ ಈ ದೂತನಿಗೆ ಬಾಗಿಲು ತೆರೆಯುವವರು ವಿರಳ. ತಿಂಗಳಿಗೊಮ್ಮೆ ಮೆಹಂದಿಯೋ ಬಣ್ಣವೋ ಬಟ್ಟಲಿನಲ್ಲಿ ಕಲಸಲ್ಪಡುತ್ತದೆ, ನರೆಯು ಮೌನವಾಗುತ್ತದೆ. ಕನ್ನಡವು ‘ನರೆತೆರೆ’ ಎಂದು ಜೋಡಿಸಿ ಹೇಳುವ ಮಾತಿನಲ್ಲಿ ನರೆಯನ್ನು ಹೀಗೆ ಅಡಗಿಸಿದ ಮೇಲೆ ಉಳಿಯುವುದು ತೆರೆ, ಅಂದರೆ ಚರ್ಮದ ಸುಕ್ಕು. ಅದು ಬಹುಮಟ್ಟಿಗೆ ಮೊದಲು ಗೆರೆ ಎಳೆಯುವುದು ಕಣ್ಣಿನ ಸುತ್ತ. ಹಣೆ ಕೆನ್ನೆಗಳು ಇನ್ನೂ ನಯವಾಗಿರುವಾಗಲೇ ಕಣ್ಣಿನ ಹೊರಮೂಲೆಯಲ್ಲಿ ಕಾಗೆಯ ಕಾಲಿನ ಗುರುತಿನಂತೆ ಮೂರು ನಾಲ್ಕು ಗೆರೆಗಳು ಹರಡುತ್ತವೆ. ಕೆಳರೆಪ್ಪೆಯ ಅಡಿಯಲ್ಲಿ ಕಪ್ಪು ಛಾಯೆಯೂ ಸಣ್ಣ ಊತವೂ ಮೂಡುತ್ತವೆ. ಬಣ್ಣದಿಂದ ಮುಚ್ಚಲು ಬಾರದ ಈ ದೂತನೊಡನೆ ಶ್ರಾವಕನು ಹೇಗೆ ನಡೆದುಕೊಳ್ಳಬೇಕೆಂಬುದು ಮೇಲುನೋಟಕ್ಕೆ ಅಲ್ಪ ಪ್ರಶ್ನೆ. ಆದರೆ ಸತ್ಯ, ಅಹಿಂಸೆ ಎಂಬ ಎರಡು ವ್ರತಗಳೂ ಈ ಅಲ್ಪ ಸ್ಥಳದಲ್ಲಿಯೇ ಬಂದು ಎಡತಾಕುತ್ತವೆ.

ಮೊದಲು ದೇಹದ ಸ್ವರೂಪವನ್ನು ನೋಡಬೇಕು. ಮನುಷ್ಯ ಶರೀರದಲ್ಲಿ ಅತ್ಯಂತ ತೆಳುವಾದ ಚರ್ಮವಿರುವುದು ಕಣ್ಣಿನ ರೆಪ್ಪೆಯ ಮೇಲೆ. ಅದರ ದಪ್ಪ ಅರ್ಧ ಮಿಲಿಮೀಟರಿನಷ್ಟು, ಕೆಲವೆಡೆ ಅದಕ್ಕಿಂತಲೂ ಕಡಿಮೆ. ಬೆನ್ನಿನ ಚರ್ಮ ಇದರ ಹಲವು ಪಟ್ಟು ದಪ್ಪ. ಕೆನ್ನೆಯಲ್ಲಿ ಚರ್ಮದ ಕೆಳಗೆ ಕೊಬ್ಬಿನ ಮೆತ್ತೆಯಿದೆ, ರೆಪ್ಪೆಯಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ತೈಲಗ್ರಂಥಿಗಳೂ ಅಲ್ಲಿ ಕಡಿಮೆಯಾದುದರಿಂದ ಚರ್ಮ ಬೇಗ ಒಣಗುತ್ತದೆ. ಇಂತಹ ತೆಳುವಾದ ಹೊದಿಕೆಯ ಅಡಿಯಲ್ಲಿಯೇ ಕಣ್ಣನ್ನು ವೃತ್ತಾಕಾರವಾಗಿ ಸುತ್ತುವರಿದ ಒಂದು ಸ್ನಾಯುವಿದೆ. ಅದಕ್ಕೆ ಎಚ್ಚರವಿರುವಷ್ಟು ಹೊತ್ತೂ ವಿಶ್ರಾಂತಿಯಿಲ್ಲ. ನಿಮಿಷಕ್ಕೆ 15ರಿಂದ 20 ಬಾರಿ ರೆಪ್ಪೆ ಬಡಿಯುವ ಮನುಷ್ಯನು ದಿನವೊಂದಕ್ಕೆ 14,000ಕ್ಕೂ ಹೆಚ್ಚು ಬಾರಿ ಆ ಚರ್ಮವನ್ನು ಮಡಿಸಿ ಬಿಡಿಸುತ್ತಾನೆ. ನಗುವಾಗ, ಅಳುವಾಗ, ಬಿಸಿಲಿಗೆ ಕಣ್ಣು ಕಿರಿದು ಮಾಡುವಾಗ ಬೀಳುವ ಮಡಿಕೆಗಳು ಬೇರೆ.

ಎಳೆಯ ವಯಸ್ಸಿನಲ್ಲಿ ಈ ಮಡಿಕೆಗಳು ಉಳಿಯುವುದಿಲ್ಲ. ಚರ್ಮದ ಒಳಪದರದಲ್ಲಿರುವ ಕೊಲಾಜನ್ ಎಂಬ ನಾರು ಬಿಗಿಯನ್ನೂ, ಇಲಾಸ್ಟಿನ್ ಎಂಬ ನಾರು ಎಳೆದರೆ ಹಿಂದೆ ಸರಿಯುವ ಗುಣವನ್ನೂ ಕೊಡುತ್ತವೆ. ತಾರುಣ್ಯ ಕಳೆದಂತೆ ಹೊಸ ನಾರಿನ ಉತ್ಪತ್ತಿ ಇಳಿಯುತ್ತದೆ, ಹಳೆಯದು ಒಡೆಯುತ್ತದೆ. ಸ್ತ್ರೀಯರಲ್ಲಿ ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಈ ನಷ್ಟ ತೀವ್ರಗೊಳ್ಳುತ್ತದೆ. ಮುಖದ ಬೇರೆ ಭಾಗಗಳಲ್ಲಿ ಸ್ವಲ್ಪ ನಾರು ಕಳೆದುಹೋದರೂ ದಪ್ಪ ಪದರವೂ ಕೊಬ್ಬೂ ಅದನ್ನು ಮರೆಮಾಡುತ್ತವೆ. ರೆಪ್ಪೆಯಲ್ಲಿ ಮರೆಮಾಡಲು ಏನೂ ಇಲ್ಲ. ಕೂಡಿಟ್ಟ ಧನವಿಲ್ಲದ ಮನೆಯಲ್ಲಿ ಮೊದಲ ಬರವೇ ಕಾಣಿಸಿಕೊಳ್ಳುವಂತೆ ಇದು. ಕಣ್ಣುಗುಡ್ಡೆಯನ್ನು ಸುತ್ತಿದ ಕೊಬ್ಬನ್ನು ಹಿಡಿದಿಟ್ಟ ತೆಳುಪೊರೆ ಸಡಿಲವಾದಾಗ ಆ ಕೊಬ್ಬು ಮುಂದಕ್ಕೆ ಜಾರಿ ಚೀಲದಂತೆ ಕಾಣುತ್ತದೆ. ವಯಸ್ಸಾದಂತೆ ಕಣ್ಣಿನ ಕುಳಿಯ ಎಲುಬಿನ ಅಂಚು ಕೂಡ ಸವೆದು ಅಗಲವಾಗುತ್ತದೆ. ಭಾರತೀಯರ ಚರ್ಮದಲ್ಲಿ ಮೆಲನಿನ್ ವರ್ಣದ್ರವ್ಯ ಹೆಚ್ಚಿರುವುದರಿಂದ ಬಿಳಿಯ ಜನರಿಗಿಂತ ಸುಕ್ಕು ತಡವಾಗಿ ಬರುತ್ತದೆ. ಆದರೆ ಕಣ್ಣಿನ ಕೆಳಗಿನ ಕಪ್ಪು ಮಾತ್ರ ಅನೇಕರಲ್ಲಿ ಮೊದಲೇ ಮೂಡುತ್ತದೆ.

ಇಷ್ಟರಲ್ಲಿ ಕಾಲದ ಪಾಲೆಷ್ಟು, ಅನ್ಯ ಕಾರಣಗಳ ಪಾಲೆಷ್ಟು? 2012ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿದ ಒಂದು ಛಾಯಾಚಿತ್ರ ಈ ಪ್ರಶ್ನೆಗೆ ಮಾತಿಲ್ಲದೆ ಉತ್ತರ ಕೊಡುತ್ತದೆ. ಅದು 28 ವರ್ಷಗಳ ಕಾಲ ಸರಕಿನ ಲಾರಿ ನಡೆಸಿದ 69 ವಯಸ್ಸಿನ ವ್ಯಕ್ತಿಯೊಬ್ಬನ ಮುಖ. ಆ ದೇಶದಲ್ಲಿ ಚಾಲಕನು ಕೂರುವುದು ಎಡಬದಿಯಲ್ಲಿ. ಕಿಟಕಿಯ ಗಾಜು ಬಿಸಿಲಿನ ಕೆಲವು ಕಿರಣಗಳನ್ನು ತಡೆದರೂ ಆಳಕ್ಕಿಳಿಯುವ ನೇರಳಾತೀತ ಕಿರಣವನ್ನು ಪೂರ್ತಿ ತಡೆಯಲಿಲ್ಲ. ಪರಿಣಾಮವಾಗಿ ಅವನ ಎಡಗೆನ್ನೆಯೂ ಎಡಗಣ್ಣಿನ ಸುತ್ತಲಿನ ಚರ್ಮವೂ ಬಲಬದಿಗಿಂತ ಎಷ್ಟೋ ಹೆಚ್ಚು ಮುದಿಯಾಗಿ, ದಪ್ಪ ಮಡಿಕೆಗಳಾಗಿ ಜೋತಿವೆ. ಒಂದೇ ಜೀವ, ಒಂದೇ ಆಯುಷ್ಯ, ಒಂದೇ ಮುಖ. ಆದರೆ ಎರಡು ವಯಸ್ಸು.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವನ್ನು ಓದಿದವರಿಗೆ ಈ ಚಿತ್ರ ಅಚ್ಚರಿಯನ್ನುಂಟುಮಾಡದು. ಅಲ್ಲಿ ಕಾಲದ್ರವ್ಯದ ಉಪಕಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಪರಿಣಾಮವನ್ನೂ ಪರತ್ವ-ಅಪರತ್ವಗಳನ್ನೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಹಿರಿಯ, ಕಿರಿಯ ಎಂಬ ಎಣಿಕೆ ಪರತ್ವ-ಅಪರತ್ವ. ವಸ್ತುವು ಒಂದು ಪರ್ಯಾಯವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಪರಿಣಾಮ. ಲಾರಿಯ ಚಾಲಕನ ಎರಡು ಕೆನ್ನೆಗಳ ಹಿರಿತನ ಒಂದೇ, ಪರಿಣಾಮ ಬೇರೆ. ಕಾಲವು ಎಲ್ಲ ಪರಿವರ್ತನೆಗೂ ಉದಾಸೀನ ನಿಮಿತ್ತ ಮಾತ್ರ. ಅದು ಯಾರ ಮುಖವನ್ನೂ ಹಿಡಿದು ಮಡಿಸುವುದಿಲ್ಲ. ಮಡಿಕೆಗೊಳ್ಳುವ ಯೋಗ್ಯತೆ ಪುದ್ಗಲದ್ದೇ. ಬಿಸಿಲು, ಹೊಗೆ, ನಿದ್ರಾಭಂಗ, ಕಣ್ಣುಜ್ಜುವ ಅಭ್ಯಾಸ ಇವೆಲ್ಲ ಹೊರಗಿನ ನಿಮಿತ್ತಗಳು. ಆದುದರಿಂದ ‘ವಯಸ್ಸಾಯಿತು, ಇನ್ನೇನು’ ಎಂದು ಎಲ್ಲವನ್ನೂ ಕಾಲದ ತಲೆಗೆ ಕಟ್ಟುವುದು ಸಿದ್ಧಾಂತದ ದೃಷ್ಟಿಯಿಂದಲೂ ಸರಿಯಲ್ಲ. ‘ಎಲ್ಲ ಕರ್ಮದ ಉದಯ’ ಎನ್ನುವವರೂ ಅರ್ಧವನ್ನಷ್ಟೇ ಹೇಳುತ್ತಾರೆ. ಕಾಲ, ಸ್ವಭಾವ, ನಿಯತಿ, ಪೂರ್ವಕರ್ಮ, ಪುರುಷಾರ್ಥ ಎಂಬ ಐದೂ ಕೂಡಿಯೇ ಕಾರ್ಯವೆಂದ ಆಚಾರ್ಯ ಸಿದ್ಧಸೇನರ ಮಾತು ಕಣ್ಣಿನ ಮೂಲೆಯ ಗೆರೆಗೂ ಸಲ್ಲುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಬೆಳಗಾವಿ ಸೀಮೆಯ ಕಬ್ಬಿನ ಹೊಲದಲ್ಲಿ ದುಡಿಯುವ ಶ್ರಾವಿಕೆಯ ಕಣ್ಣಂಚಿನಲ್ಲಿ ಮೂವತ್ತೈದಕ್ಕೇ ಬಿದ್ದ ಗೆರೆಯನ್ನೂ, ನೆರಳಿನ ಅಂಗಡಿಯಲ್ಲಿ ಕುಳಿತವನ ಐವತ್ತರ ನಯವಾದ ಮುಖವನ್ನೂ ಹೋಲಿಸಿ ಯಾರ ಪುಣ್ಯ ಎಷ್ಟೆಂದು ಲೆಕ್ಕ ಹಾಕುವುದು ಅವಿವೇಕ. ಮುಖದ ಕಾಂತಿಯನ್ನು ಶೀಲದ ಗುರುತೆಂದು ಹೊಗಳುವ ರೂಢಿ ಸಭೆಗಳಲ್ಲಿ ಇಂದಿಗೂ ಇದೆ. ಆ ಹೊಗಳಿಕೆಯಲ್ಲಿ ಬಹುಪಾಲು ನೆರಳಿಗೆ ಸಲ್ಲಬೇಕಾದದ್ದು. ಎರಡನೆಯದಾಗಿ, ಬಿಸಿಲಿಗೆ ಕೊಡೆ ಹಿಡಿಯುವುದು, ಹೊಲಕ್ಕೆ ಹೋಗುವಾಗ ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಳ್ಳುವುದು, ಹೊಗೆಸೊಪ್ಪನ್ನು ತ್ಯಜಿಸುವುದು, ಹೊತ್ತಿಗೆ ಸರಿಯಾಗಿ ಮಲಗುವುದು ಇವು ಯಾವುವೂ ದೇಹವ್ಯಾಮೋಹವೆನಿಸಲಾರವು. ಸಾಧನಕ್ಕೆ ಬೇಕಾದ ಶರೀರವನ್ನು ಹಾಳುಮಾಡದೆ ಇಟ್ಟುಕೊಳ್ಳುವುದು ಗೃಹಸ್ಥನಿಗೆ ನಿಷಿದ್ಧವಲ್ಲ. ಅಸ್ನಾನ, ಕೇಶಲೋಚಾದಿಗಳು ಮುನಿಗಳ ಮೂಲಗುಣಗಳು. ಅವನ್ನು ಗೃಹಿಣಿಯ ಮೇಲೆ ಹೇರಿ ಅವಳ ಕನ್ನಡಿಯನ್ನು ನಿಂದಿಸುವವನು ತನ್ನ ಕ್ಷೌರವನ್ನು ಮರೆತಿರುತ್ತಾನೆ.

ರಕ್ಷಣೆ ಒಂದು, ಮರೆಮಾಚುವಿಕೆ ಇನ್ನೊಂದು. ಗೆರೆಯನ್ನು ಅಳಿಸುವುದು ಅಸತ್ಯವೇ? ನಾಲ್ಕು ಕಷಾಯಗಳಲ್ಲಿ ಒಂದಾದ ಮಾಯೆಯ ಲಕ್ಷಣ ಕುಟಿಲತೆ, ಮನಸ್ಸಿನಲ್ಲಿರುವುದೊಂದು, ತೋರಿಸುವುದೊಂದು. ಕಣ್ಣಿಗೆ ಕಾಡಿಗೆ ಇಟ್ಟವಳು ಯಾರನ್ನೂ ವಂಚಿಸುವುದಿಲ್ಲ. ಅದು ಕಾಡಿಗೆಯೆಂದು ನೋಡಿದವರಿಗೆಲ್ಲ ಗೊತ್ತು. ಆದರೆ ವಧೂವರರ ವಿವರಗಳಲ್ಲಿ ನಾಲ್ಕು ವರ್ಷ ಇಳಿಸಿ ಬರೆದು, ಆ ಇಳಿಕೆಗೆ ಹೊಂದುವಂತೆ ಭಾವಚಿತ್ರದ ಕಣ್ಣಂಚನ್ನು ಯಂತ್ರದಿಂದ ನಯಗೊಳಿಸಿ ಕಳುಹಿಸುವುದು ವಂಚನೆಯೇ. ಇಲ್ಲಿ ದೋಷವಿರುವುದು ನಯಗೊಳಿಸಿದ ಚರ್ಮದಲ್ಲಿ ಅಲ್ಲ, ಇನ್ನೊಬ್ಬರ ನಿರ್ಧಾರವನ್ನು ಸುಳ್ಳಿನ ಮೇಲೆ ನಿಲ್ಲಿಸಿದುದರಲ್ಲಿ. ಆ ದೋಷವನ್ನು ಹುಡುಗಿಯೊಬ್ಬಳ ಮೇಲೆಯೇ ಹೊರಿಸುವುದು ಸಹ ನ್ಯಾಯವಲ್ಲ. ಮೂವತ್ತು ದಾಟಿದವಳನ್ನು ಮುಖ ನೋಡಿಯೇ ಬೇಡವೆನ್ನುವ ಮನೆಗಳು ಮೊದಲು ಸುಳ್ಳಿಗೆ ಬೆಲೆ ಕಟ್ಟಿದವು. ಸುಳ್ಳು ಆಮೇಲೆ ಪೇಟೆಗೆ ಬಂತು. ಗಂಡಿನ ಕಣ್ಣಂಚಿನ ಗೆರೆಯನ್ನು ಅನುಭವವೆಂದೂ ಹೆಣ್ಣಿನದನ್ನು ಕೊರತೆಯೆಂದೂ ಓದುವ ಕಣ್ಣುಗಳಿಗೆ ಯಾವ ಲೇಪವೂ ಇಲ್ಲ.

ಕಣ್ಣಿನ ಸುತ್ತಲಿನ ಸ್ನಾಯುವಿಗೆ ಸಂಬಂಧಿಸಿದಂತೆ ಇನ್ನೊಂದು ಸೂಕ್ಷ್ಮವಿದೆ. ಫ್ರಾನ್ಸಿನ ವೈದ್ಯ ಡುಷೆನ್ 1862ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮುಖಸ್ನಾಯುಗಳಿಗೆ ವಿದ್ಯುತ್ತನ್ನು ಹಾಯಿಸಿ ನಡೆಸಿದ ಪ್ರಯೋಗಗಳನ್ನು ವಿವರಿಸಿದನು. ತುಟಿಯ ಕೊನೆಗಳನ್ನು ಇಚ್ಛೆಯಿಂದ ಮೇಲೆತ್ತಬಹುದು, ಆದರೆ ಕಣ್ಣಂಚು ನಲಿಯಬೇಕಾದರೆ ಒಳಗೆ ನಿಜವಾದ ಸಂತೋಷವಿರಬೇಕು ಎಂಬುದು ಅವನ ಅಭಿಪ್ರಾಯ. ಕಣ್ಣಿನ ನಗುವನ್ನೂ ಕೆಲವರು ಅಭಿನಯಿಸಬಲ್ಲರೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಆದರೂ ಕಣ್ಣು ನಗದ ನಗುವನ್ನು ಮಗು ಕೂಡ ನಂಬುವುದಿಲ್ಲ ಎಂಬುದು ಮನೆಮನೆಯ ಅನುಭವ. ಮೊಮ್ಮಗನನ್ನು ಕಂಡಾಗ ಅಜ್ಜಿಯ ಕಣ್ಣಂಚಿನಲ್ಲಿ ಏಳುವ ಗೆರೆಗಳು ವಯಸ್ಸಿನ ಗುರುತು ಮಾತ್ರವಲ್ಲ, ವಾತ್ಸಲ್ಯದ ಭಾಷೆಯೂ ಹೌದು. ಅವನ್ನು ಅಳಿಸಿದರೆ ವಯಸ್ಸಿನ ಜೊತೆಗೆ ಮಾತೂ ಒಂದಿಷ್ಟು ಅಳಿಸಿಹೋಗುತ್ತದೆ.

ಅಳಿಸುವ ವಿಧಾನಕ್ಕೆ ಬಂದಾಗ ವಿಷಯ ಗಂಭೀರವಾಗುತ್ತದೆ. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಸೂಕ್ಷ್ಮಾಣು ಬೊಟುಲಿನಮ್ ಎಂಬ ವಿಷವನ್ನು ಉತ್ಪಾದಿಸುತ್ತದೆ. ಮನುಷ್ಯನಿಗೆ ತಿಳಿದ ಅತ್ಯಂತ ತೀಕ್ಷ್ಣ ವಿಷಗಳಲ್ಲಿ ಅದೊಂದು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಅದು ತಡೆಯುತ್ತದೆ. ಅಮೆರಿಕದ ನೇತ್ರವೈದ್ಯ ಆಲನ್ ಸ್ಕಾಟ್ ಈ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಮೆಳ್ಳಗಣ್ಣಿನ ಚಿಕಿತ್ಸೆಗೆ ಬಳಸಬಹುದೆಂದು ಕಂಡುಕೊಂಡರು. 1989ರಲ್ಲಿ ಆ ದೇಶದ ಸರ್ಕಾರ ಮೆಳ್ಳಗಣ್ಣಿಗೂ, ರೆಪ್ಪೆಗಳು ತಾವಾಗಿ ಬಿಗಿದು ಮುಚ್ಚಿಕೊಳ್ಳುವ ರೋಗಕ್ಕೂ ಅದನ್ನು ಔಷಧವೆಂದು ಒಪ್ಪಿತು. ಕಣ್ಣು ಚೆನ್ನಾಗಿದ್ದೂ ತೆರೆಯಲಾರದೆ ಕುರುಡರಂತಾದವರಿಗೆ ಅದರಿಂದ ದೃಷ್ಟಿ ಮರಳಿತು. ಕೆನಡಾದ ಕಾರೂಥರ್ಸ್ ವೈದ್ಯದಂಪತಿಗಳು ಇದೇ ಚುಚ್ಚುಮದ್ದಿನಿಂದ ಹುಬ್ಬುಗಳ ನಡುವಿನ ಗೆರೆಯೂ ಮಾಯವಾಗುವುದನ್ನು ಗಮನಿಸಿ 1992ರಲ್ಲಿ ವರದಿ ಮಾಡಿದರು. 2002ರಲ್ಲಿ ಹುಬ್ಬಿನ ನಡುವಿನ ಗೆರೆಗೂ 2013ರಲ್ಲಿ ಕಣ್ಣಂಚಿನ ಗೆರೆಗೂ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪರಿಣಾಮ ಉಳಿಯುವುದು ಮೂರು ನಾಲ್ಕು ತಿಂಗಳು; ಮತ್ತೆ ಚುಚ್ಚಬೇಕು.

ಈ ವಿಷದ ಬಲವನ್ನು ಅಳೆಯಲು ಬಹುಕಾಲ ಬಳಕೆಯಲ್ಲಿದ್ದ ಕ್ರಮವೆಂದರೆ ಇಲಿಗಳಿಗೆ ಅದನ್ನು ಚುಚ್ಚಿ, ಎಷ್ಟು ಪ್ರಮಾಣದಲ್ಲಿ ಅವುಗಳಲ್ಲಿ ಅರ್ಧದಷ್ಟು ಸಾಯುತ್ತವೆಂದು ನೋಡುವುದು. ತಯಾರಾದ ಪ್ರತಿಯೊಂದು ಕಂತಿಗೂ ಈ ಪರೀಕ್ಷೆ ಬೇಕಾಗಿತ್ತು. ಉಸಿರಾಟದ ಸ್ನಾಯು ನಿಂತು ಸಾಯುವ ಸಾವು ಅದು. 2011ರಲ್ಲಿ ಒಂದು ಕಂಪನಿಯ ಉತ್ಪನ್ನಕ್ಕೆ ಪ್ರಾಣಿಯ ಬದಲು ಪ್ರಯೋಗಶಾಲೆಯ ಜೀವಕೋಶಗಳ ಮೇಲೆ ಪರೀಕ್ಷಿಸುವ ಕ್ರಮವನ್ನು ಅಮೆರಿಕದ ನಿಯಂತ್ರಣ ಸಂಸ್ಥೆ ಅಂಗೀಕರಿಸಿತು. ಇದು ದೊಡ್ಡ ಸಮಾಧಾನ. ಆದರೆ ಒಂದು ತಯಾರಕರ ಅಂಗೀಕಾರ ಉಳಿದವರೆಲ್ಲರಿಗೆ ತಾನಾಗಿ ಅನ್ವಯಿಸುವುದಿಲ್ಲ. ಭಾರತವು 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ನಿಷೇಧಿಸಿತು. ಜೈನಬಂಧುಗಳು ಹೆಮ್ಮೆಪಡಬೇಕಾದ ಶಾಸನವದು. ಆದರೆ ಈ ಚುಚ್ಚುಮದ್ದು ಕಾನೂನಿನ ಕಣ್ಣಿನಲ್ಲಿ ಔಷಧ, ಸೌಂದರ್ಯವರ್ಧಕವಲ್ಲ. ಆದ್ದರಿಂದ ನಿಷೇಧದ ಬೇಲಿ ಇದರವರೆಗೆ ಚಾಚುವುದಿಲ್ಲ. ಮಗಳ ಮದುವೆಗೆ ಮುನ್ನ ಕಣ್ಣಂಚನ್ನು ನಯಮಾಡಿಸಿಕೊಳ್ಳಲು ಹೊರಟ ತಾಯಿಗೆ ಇದನ್ನು ಚಿಕಿತ್ಸಾಲಯದಲ್ಲಿ ಯಾರೂ ಹೇಳುವುದಿಲ್ಲ. ಗಡ್ಡೆಗೆಣಸನ್ನು ಮನೆಯೊಳಗೆ ತರದ ಕೈ, ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ಬಾಯಿ. ಅದೇ ದೇಹದೊಳಗೆ ಈ ಸೂಜಿ ಇಳಿಯುತ್ತದೆ.

ಯಶೋಧರನ ಕಥೆಗೆ ಇಲ್ಲಿ ಮರಳಬೇಕಾಗುತ್ತದೆ. ತಂದೆ ಯಶೌಘ ನರೆಯನ್ನು ಕಂಡು ಪಾರಾದನು. ಮಗ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಟ್ಟನು. ಅದರಲ್ಲಿ ಪ್ರಾಣವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ತಿರ್ಯಗ್ಗತಿಯಲ್ಲಿ ಜನ್ಮಜನ್ಮಾಂತರ ಅಲೆದರು. ಇಂದಿನ ಪರಿಸ್ಥಿತಿ ಇದರ ತಲೆಕೆಳಗು: ಸಂಕಲ್ಪವಿಲ್ಲ, ಪ್ರಾಣ ಹೋಗಿರುತ್ತದೆ. ಕಣ್ಣಿನ ಕೆಳಗಿನ ಕುಳಿಯನ್ನು ತುಂಬಲು ಚುಚ್ಚುವ ಹಯಲುರಾನಿಕ್ ಆಮ್ಲವನ್ನು ಹಿಂದೆ ಹುಂಜದ ತಲೆಯ ಕೆಂಪು ಜುಟ್ಟಿನಿಂದ ತೆಗೆಯುತ್ತಿದ್ದರು. ಹಾಗೆ ತೆಗೆದ ಒಂದು ಉತ್ಪನ್ನಕ್ಕೆ 2004ರಲ್ಲಿಯೂ ಅಮೆರಿಕದಲ್ಲಿ ಅನುಮತಿ ದೊರೆತಿತ್ತು. ಈಗ ಬಹುಪಾಲು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಾಗುತ್ತದೆ. ಕಣ್ಣಿನ ಸುತ್ತ ಹಚ್ಚುವ ಕ್ರೀಮುಗಳಲ್ಲಿನ ಸ್ಕ್ವಾಲೀನ್ ಶಾರ್ಕ್ ಮೀನಿನ ಯಕೃತ್ತಿನದಾಗಿರಬಹುದು, ಆಲಿವ್ ಅಥವಾ ಕಬ್ಬಿನ ಮೂಲದ್ದೂ ಆಗಿರಬಹುದು. ಕೊಲಾಜನ್ ಬರುವುದು ದನ, ಹಂದಿ, ಮೀನುಗಳ ಚರ್ಮ ಎಲುಬುಗಳಿಂದ. ಅದರ ಅಣು ದೊಡ್ಡದಾದುದರಿಂದ ಮೇಲೆ ಹಚ್ಚಿದರೆ ಒಳಗಿನ ನಾರಿಗೆ ಅದು ಸೇರುವುದೇ ಇಲ್ಲ. ಮೇಲ್ಮೈಯನ್ನು ಸ್ವಲ್ಪ ಹೊತ್ತು ತೇವವಾಗಿಡುತ್ತದೆ, ಅಷ್ಟೆ. ಆ ಕೆಲಸವನ್ನು ಕೊಬ್ಬರಿ ಎಣ್ಣೆಯೂ ಮಾಡುತ್ತದೆ. ಅನೇಕ ಕಾಡಿಗೆಗಳಲ್ಲಿ ಜೇನುಮೇಣವಿದೆ, ಕೆಲವು ಕೆಂಪು ಬಣ್ಣಗಳು ಕೊಚಿನೀಲ್ ಎಂಬ ಕೀಟವನ್ನು ಅರೆದು ಮಾಡಿದವು.

‘ಕೊಂದವರು ಬೇರೆ, ನಾವು ಕೊಂಡವರು’ ಎಂಬ ಸಮಾಧಾನ ಜೈನಾಚಾರದಲ್ಲಿ ನಿಲ್ಲುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ದ್ವಾರಗಳಿಂದ ಆಸ್ರವವಾಗುತ್ತದೆ, ಕೊಳ್ಳುವವನಿದ್ದಾನೆಂದೇ ಕೊಲ್ಲುವವನಿರುವುದು. ಹಾಗಾದರೆ ರೆಪ್ಪೆ ತೆರೆಯಲಾಗದ ರೋಗಿ ಇದೇ ವಿಷವನ್ನು ಚುಚ್ಚಿಸಿಕೊಂಡರೆ? ಸೀಸೆ ಒಂದೇ, ಇಲಿಯೂ ಒಂದೇ. ಆದರೆ ಆ ರೋಗಿಯು ದೃಷ್ಟಿಯನ್ನು ಕಳೆದುಕೊಂಡರೆ ನೆಲ ನೋಡಿ ನಡೆಯಲೂ ಆರನು, ಹುಳ ನೋಡಿ ಧಾನ್ಯ ಆರಿಸಲೂ ಆರನು. ಅನಿವಾರ್ಯವಾದ ಹಿಂಸೆಗೆ ಅವನು ವಿಷಾದಪಟ್ಟು, ಹಿಂಸೆ ಕಡಿಮೆಯಾದ ತಯಾರಿಕೆಯನ್ನು ಕೇಳಿ ಪಡೆದು, ಪ್ರಾಯಶ್ಚಿತ್ತಭಾವದಿಂದ ಬಳಸಬಹುದು. ಮೂರು ತಿಂಗಳ ನಯಕ್ಕಾಗಿ ಬಳಸುವವರಿಗೆ ಆ ಆಧಾರವಿಲ್ಲ. ಪ್ರಯೋಜನವಿಲ್ಲದ ಹಿಂಸೆಗೆ ಆಚಾರ್ಯರು ಇಟ್ಟ ಹೆಸರು ಅನರ್ಥದಂಡ. ಅದರ ತ್ಯಾಗ ಶ್ರಾವಕನ ಗುಣವ್ರತ. ‘ನನಗೆ ಅದು ಪ್ರಯೋಜನವೇ, ಮುಖ ಚೆನ್ನಾಗಿ ಕಂಡರೆ ಮನಸ್ಸಿಗೆ ಧೈರ್ಯ’ ಎಂಬ ವಾದವನ್ನು ಹಗುರವಾಗಿ ತಳ್ಳಬಾರದು. ಧೈರ್ಯ ಬೇಕಾದುದು ನಿಜ. ಆದರೆ ಕಣ್ಣಂಚು ನೋಡಿ ಧೈರ್ಯ ಕೆಡಿಸುವ ಬಂಧುಗಳ ನಾಲಗೆಗೆ ಇಲಿಯ ಪ್ರಾಣ ತೆರಿಗೆಯಾಗಬಾರದು.

ಬಸದಿಗಳಲ್ಲಿ ಪೂಜೆಗೊಳ್ಳುವ ಜಿನಬಿಂಬಗಳೆಲ್ಲ ಸದಾ ತರುಣರೂಪದವೇ, ಒಂದಕ್ಕೂ ತೆರೆಯಿಲ್ಲ, ಧರ್ಮವೇ ಯೌವನವನ್ನು ಆದರ್ಶವಾಗಿಟ್ಟಿಲ್ಲವೇ ಎಂದು ಕೇಳುವವರಿದ್ದಾರೆ. ಜರೆಯು ಅರ್ಹಂತರಲ್ಲಿ ಇಲ್ಲದ ಹದಿನೆಂಟು ದೋಷಗಳಲ್ಲಿ ಒಂದು. ಅದೇ ಪಟ್ಟಿಯಲ್ಲಿ ಹಸಿವು, ತೃಷೆ, ರೋಗ, ರಾಗ, ದ್ವೇಷ, ಮೋಹಗಳೂ ಇವೆ. ಮೋಹ ಅಳಿದು ಜರೆ ಅಳಿದ ಸ್ಥಿತಿ ಅದು. ಮೋಹವನ್ನು ಬೆಳೆಸಿಕೊಂಡು ಜರೆಯನ್ನು ಮಾತ್ರ ಮುಚ್ಚುವವನಿಗೆ ಬಿಂಬದ ಸಾಕ್ಷ್ಯ ದೊರೆಯದು.

ಜರೆಯ ವಿಷಯದಲ್ಲಿ ಶಾಸ್ತ್ರಕಾರರು ಕಣ್ಣಿನ ಕಡೆಗೆ ನೋಡಲಿಲ್ಲವೆಂದಲ್ಲ. ಅವರು ನೋಡಿದ್ದು ಕಣ್ಣಿನ ಸುತ್ತ ಅಲ್ಲ, ಕಣ್ಣಿನೊಳಗೆ. ಆಚಾರ್ಯ ಸಮಂತಭದ್ರರು ಸಲ್ಲೇಖನೆಗೆ ಹೇಳಿದ ಸಂದರ್ಭಗಳಲ್ಲಿ ಜರೆಯೂ ಒಂದು. ಭಗವತೀ ಆರಾಧನೆಯು ಭಕ್ತಪ್ರತ್ಯಾಖ್ಯಾನಕ್ಕೆ ಯೋಗ್ಯರನ್ನು ಹೇಳುವಾಗ ಕಣ್ಣು ದುರ್ಬಲವಾದವನನ್ನೂ ಕಿವಿ ದುರ್ಬಲವಾದವನನ್ನೂ ಸೇರಿಸುತ್ತದೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ ಮುನಿಗೆ ಸಾಧ್ಯವಾಗದೆ ಹೋದಾಗ ಅವನ ಜೀವನದ ಆಧಾರವೇ ಅಲುಗುತ್ತದೆ. ಗೆರೆ ಬಿದ್ದರೆ ಏನೂ ಅಲುಗುವುದಿಲ್ಲ.

ಗೃಹಸ್ಥರಲ್ಲಿಯೂ ಎರಡೂ ಒಟ್ಟಿಗೇ ಬರುತ್ತವೆ. ನಲವತ್ತರ ಆಸುಪಾಸಿನಲ್ಲಿ ಕಣ್ಣಂಚು ಮಡಿಕೆಗೊಳ್ಳುವ ಹೊತ್ತಿಗೇ ಒಳಗಿನ ಮಸೂರ ಬಿರುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಕನ್ನಡಕ ಹಾಕಿದರೆ ವಯಸ್ಸು ಕಾಣುತ್ತದೆಂಬ ಸಂಕೋಚದಿಂದ ಪೂಜೆಯ ಪುಸ್ತಕವನ್ನು ಕೈಯಳತೆಯ ದೂರದಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ ಓದುವವರನ್ನು ಎಲ್ಲ ಬಸದಿಗಳಲ್ಲಿಯೂ ಕಾಣಬಹುದು. ಹಾಗೆ ಕಿರಿದು ಮಾಡಿದಷ್ಟೂ ಗೆರೆ ಆಳವಾಗುತ್ತದೆಂಬುದು ಅವರಿಗೆ ತಿಳಿದಿರುವುದಿಲ್ಲ. ಹಲವು ಬಸದಿಗಳ ಸ್ವಾಧ್ಯಾಯ ಮಂದಿರಗಳಲ್ಲಿ ಈಗಲೂ ಒಂದೇ ಮಂದ ದೀಪ, ಸಣ್ಣಕ್ಷರದ ಹಳೆಯ ಮುದ್ರಣದ ಗ್ರಂಥ. ಅಲಂಕಾರಕ್ಕೆ ಬೆಳ್ಳಿ ಕವಚ ಮಾಡಿಸುವ ಟ್ರಸ್ಟುಗಳು ಒಂದು ವರ್ಷ ಆ ಹಣದಲ್ಲಿ ದೊಡ್ಡಕ್ಷರದ ಪ್ರತಿಗಳನ್ನೂ ಒಳ್ಳೆಯ ಬೆಳಕನ್ನೂ ಒದಗಿಸಿ, ಕಣ್ಣಿನ ವೈದ್ಯರನ್ನು ಕರೆಸಿ ಹಿರಿಯರ ಪೊರೆಯನ್ನು ಪರೀಕ್ಷಿಸಿದರೆ, ಹಗಲಿನ ಸ್ವಾಧ್ಯಾಯಕ್ಕೆ ಬರುವುದನ್ನು ಸದ್ದಿಲ್ಲದೆ ನಿಲ್ಲಿಸಿದ ಎಷ್ಟೋ ಅಜ್ಜ ಅಜ್ಜಿಯರು ಮತ್ತೆ ಬಂದು ತಮ್ಮ ಜಾಗದಲ್ಲಿ ಕೂರುವರು.